ಗುಡಿ ಉಳಿಯಿತು, ಕೇರಿ ಎಲ್ಲಿ?

ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ, ಕುಬಟೂರಿನ ಕೈಟಭೇಶ್ವರ: ಶಿಕಾರಿಪುರ ಸೊರಬಗಳ ಸೀಮೆಗೆ ಬಂದವರು ಈ ಗುಡಿಗಳನ್ನು ಕಂಡು ಹಿಂದಿರುಗುತ್ತಾರೆ. ನೋಡತಕ್ಕವೇ ಸರಿ. ಆದರೆ ಅವುಗಳ ಸುತ್ತ ಮನೆ ಕಟ್ಟಿ ಬಾಳಿದವರ ಕೇರಿ ಎಲ್ಲಿತ್ತೆಂದು ಕೇಳುವವರು ವಿರಳ. ದೇವರಿಗೆ ಕಲ್ಲು, ಮನುಷ್ಯನಿಗೆ ಮಣ್ಣು ಎಂಬುದು ಹಿಂದಿನವರ ಕಟ್ಟಡದ ಕ್ರಮ. ಕಲ್ಲು ನಿಂತಿತು, ಮಣ್ಣು ಮಣ್ಣಿಗೆ ಸೇರಿತು.

ಕೇರಿಯ ಸುಳಿವು ಉಳಿದಿರುವುದು ಶಾಸನಗಳಲ್ಲಿ. ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವಿಯಲ್ಲಿ ಐದು ಮಠಗಳೂ ಏಳು ಬ್ರಹ್ಮಪುರಿಗಳೂ ಇದ್ದುವು. ಅಗ್ರಹಾರವೆಂದರೆ ಒಂದು ಊರೇ. ಬ್ರಹ್ಮಪುರಿಯಾದರೋ ನಗರದ ಒಳಗೆ ವಿದ್ವಾಂಸರು ನೆಲೆಸಿದ ಕೇರಿ. ಅಲ್ಲಿಯ ಕೋಡಿಯಮಠದಲ್ಲಿ ಪಾಣಿನಿ, ಶಾಕಟಾಯನರ ವ್ಯಾಕರಣಗಳ ಪಾಠವೂ, ದೀನರಿಗೆ ಅನ್ನವೂ, ಅನಾಥ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು 1162ರ ಶಾಸನ ಹೇಳುತ್ತದೆ. ಸೊರಬದ ಕುಬಟೂರು ಅಗ್ರಹಾರದಲ್ಲಿ 1077ರಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಪಾರ್ಶ್ವನಾಥನ ಬಸದಿಗೆ ದತ್ತಿ ಕೊಟ್ಟಾಗ, ಆ ಊರಿನ ಬ್ರಾಹ್ಮಣರಿಂದಲೇ ಅದಕ್ಕೆ ‘ಬ್ರಹ್ಮ ಜಿನಾಲಯ’ವೆಂದು ಹೆಸರಿಡಿಸಿದಳು. ನೆರೆಹೊರೆಯೆಂಬ ಮಾತಿಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೆ?

ಆದರೂ ಶಾಸನ ಎಲ್ಲರ ಕೇರಿಯನ್ನೂ ಹೇಳುವುದಿಲ್ಲ. ದಾನ ಕೊಟ್ಟವರನ್ನು, ಪಡೆದವರನ್ನು ಅದು ಬಲ್ಲದು. ಬೇಲೂರಿನ ಶಿಲ್ಪದಲ್ಲಿ ಹೆಸರು ಕೆತ್ತಿದ ದಾಸೋಜ ಬಳ್ಳಿಗಾವಿಯವನೆಂದು ತಿಳಿದಿದೆ. ಅವನ ಉಳಿ ಹದಮಾಡಿದ ಕಮ್ಮಾರನ, ಅವನ ಮನೆಗೆ ಮಡಕೆ ಕೊಟ್ಟ ಕುಂಬಾರನ ಹೆಸರು ತಿಳಿಯದು. ಅಲ್ಲಮಪ್ರಭುವಿನ ಹುಟ್ಟೂರು ಬಳ್ಳಿಗಾವಿಯೆಂದು ತರಗತಿಯಲ್ಲಿ ಹೇಳುವಾಗಲೆಲ್ಲ, ಅವನ ಮದ್ದಳೆಯ ದನಿ ಯಾವ ಬೀದಿಯಲ್ಲಿ ಕೇಳಿತ್ತೋ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಹಿಂದಿನ ಸಾಮರಸ್ಯವನ್ನು ಕೊಂಡಾಡುವವರು ಈ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರೈಸರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೇ ಅಚ್ಚು ಹಾಕಿಸಿದರು. ಕಲ್ಲಿನ ಕೆಲಸ ಅಲ್ಲಿಗೆ ಬಹುಮಟ್ಟಿಗೆ ಆಯಿತು. ಬಾಯಿಮಾತಿನ ಕೆಲಸ ಉಳಿದಿದೆ. ಹೊಲ, ದಿಬ್ಬ, ಕಟ್ಟೆ, ಹಾಳುಬಾವಿಗಳಿಗೆ ಊರಿನ ಹಿರಿಯರು ಇಟ್ಟುಕೊಂಡಿರುವ ಹೆಸರುಗಳಲ್ಲಿ ಹಳೆಯ ಕೇರಿಗಳು ಅಡಗಿರಬಹುದು. ಪಹಣಿಯಲ್ಲಿ ಆ ಹೊಲಕ್ಕೆ ಬರಿಯ ಸರ್ವೆ ನಂಬರು. ಹೆಸರು ಬಲ್ಲವರು ವರ್ಷ ವರ್ಷವೂ ಕಡಮೆಯಾಗುತ್ತಿದ್ದಾರೆ. ಅಧ್ಯಾಪಕ ಮಿತ್ರರು ಮುಂದಿನ ರಜೆಗೆ ವಿದ್ಯಾರ್ಥಿಗಳಿಗೆ ಇದೊಂದನ್ನೇ ಅಭ್ಯಾಸವಾಗಿ ಕೊಡಲಿ: ಅಜ್ಜ ಅಜ್ಜಿಯರನ್ನು ಕೇಳಿ, ತಮ್ಮ ಊರಿನ ನೂರು ನೆಲದ ಹೆಸರುಗಳನ್ನು ಬರೆದು ತರಲಿ. ಗುಡಿಯನ್ನು ಕಾಯಲು ಸರ್ಕಾರದ ಇಲಾಖೆಯಿದೆ. ಕೇರಿಯ ನೆನಪನ್ನು ಕಾಯುವ ಹೊಣೆ ನಮ್ಮದೇ.