ಪೊರಕೆ ಯಾರ ಕೈಯಲ್ಲಿ?



ರಾಜರಾಜೇಶ್ವರಿನಗರದಲ್ಲೂ ಜ್ಞಾನಭಾರತಿಯ ಸುತ್ತಲ ಬಡಾವಣೆಗಳಲ್ಲೂ ಎರಡು ಮಾತು ಬಹಳ ಓಡಾಡುತ್ತಿವೆ. ಒಂದು ಸ್ವಚ್ಛತೆ, ಇನ್ನೊಂದು ಸುರಕ್ಷತೆ. ಎರಡೂ ಬೇಕು. ಬೇಡ ಅನ್ನುವ ಮೂರ್ಖರು ನಾವಲ್ಲ. ಆದರೆ ಒಂದು ಪ್ರಶ್ನೆ ಕೇಳಿಯೇ ತೀರಬೇಕು: ಯಾರ ಸ್ವಚ್ಛತೆ? ಯಾರ ಸುರಕ್ಷತೆ?

ಬಡಾವಣೆಯ ದೊಡ್ಡ ಮನುಷ್ಯರ ಲೆಕ್ಕ ಸುಲಭ. ರಸ್ತೆ ಬದಿ ಇಡ್ಲಿ ಮಾರುವ ಹೆಂಗಸನ್ನು ಎಬ್ಬಿಸಿದರೆ ಸ್ವಚ್ಛತೆ. ಬೀದಿಗೆ ಗೇಟು ಹಾಕಿ ವಾಚ್‌ಮನ್ ಕೂರಿಸಿದರೆ ಸುರಕ್ಷತೆ. ಹಾಸ್ಟೆಲ್ ಹುಡುಗರು ನಾಲ್ಕು ಜನ ಟೀ ಅಂಗಡಿ ಮುಂದೆ ನಿಂತರೆ "ಯಾವೂರಯ್ಯ ನಿಂದು? ಯಾವ ಪೈಕಿ?" ಅಂತ ವಿಚಾರಣೆ. ಇವರದೇ ಮನೆಯ ಹಸಿ ಕಸ, ಒಣ ಕಸ ಒಂದೇ ಚೀಲಕ್ಕೆ ತುಂಬಿ ರಾತ್ರೋರಾತ್ರಿ ಖಾಲಿ ಸೈಟಿಗೆ ಎಸೆದರೆ ಅದು ಮಾತ್ರ ಗಲೀಜಲ್ಲ!

ಈ ಬುದ್ಧಿ ಇವತ್ತಿನದಲ್ಲ. 1927ರಲ್ಲಿ ಬಾಬಾಸಾಹೇಬರ ಜೊತೆ ನಮ್ಮ ಜನ ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು ಏನು ಮಾಡಿದರು ಗೊತ್ತಾ? ಸಗಣಿ, ಗಂಜಲ ಬೆರೆಸಿ ಗಡಿಗೆಗಟ್ಟಲೆ ಕೆರೆಗೆ ಸುರಿದು "ಶುದ್ಧಿ" ಮಾಡಿದರು. ಸಗಣಿ ಶುದ್ಧ, ಮನುಷ್ಯ ಮೈಲಿಗೆ! ಇನ್ನು ನಮ್ಮ ಮೈಸೂರು ರಸ್ತೆ ಪಕ್ಕದ ವೃಷಭಾವತಿ ನೋಡಿ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿದ ಪವಿತ್ರ ನದಿ ಅಂತಾರೆ. ಊರಿನ ಚರಂಡಿ, ಕಾರ್ಖಾನೆಯ ಕೊಳೆ ಎಲ್ಲ ಅದರೊಳಗೆ. ಅದನ್ನು ಕೆಡಿಸಿದ್ದು ಕೇರಿಯ ಜನವೇನ್ರೀ?

ಕೆಡಿಸುವವರು ಯಾರೋ, ತೊಳೆಯುವವರು ಮಾತ್ರ ನಾವೇ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 1976ರಲ್ಲಿ ಐ.ಪಿ.ಡಿ. ಸಾಲಪ್ಪ ವರದಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಎಂದಿತು. 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು. ಆದರೂ ಮ್ಯಾನ್‌ಹೋಲಿಗೆ ಇಳಿದು ಸಾಯುವುದು ನಿಲ್ಲಲಿಲ್ಲ. ಸತ್ತವರ ಮನೆಗೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ 30 ಲಕ್ಷ ಎಂದಿತು. ಹೆಣದ ಬೆಲೆ ಏರಿತು, ಗುಂಡಿಗೆ ಇಳಿಯುವವನ ಜಾತಿ ಬದಲಾಗಲಿಲ್ಲ.

ಯಾವುದೂ ಪುಕ್ಕಟೆ ಸಿಗುವುದಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಂ ನೌಕರಿಯ ಆದೇಶ ಬಂತು. ಆ 2022ರ ಅಕ್ಟೋಬರ್‌ನಲ್ಲೇ ಜ್ಞಾನಭಾರತಿ ಆವರಣದೊಳಗೆ ಬಸ್ಸಿಗೆ ಸಿಕ್ಕಿದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಹೊರಗಿನ ವಾಹನ ನಿಲ್ಲಿಸಿ ಅಂತ ವಿದ್ಯಾರ್ಥಿಗಳು ಬೀದಿಗಿಳಿದರು. ಗುಡಿಸುವವಳ ಜೀವ, ಓದುವವಳ ಜೀವ ಎರಡೂ ಒಂದೇ ರಸ್ತೆಯ ಮೇಲಿವೆ. ಹೋರಾಟ ಮಾತ್ರ ಬೇರೆ ಬೇರೆ ಯಾಕೆ?

ಈಗ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಹಾಸ್ಟೆಲ್ ಕಿಟಕಿಯಿಂದ ಮಿಕ್ಕ ಅನ್ನ, ಗುಟ್ಕಾ ಚೀಟಿ ಎಸೆಯೋರು ಯಾರು? ನಾವೇ. ಬೆಳಗಿನ ಜಾವ ಬಂದು ಬಾಚುವವಳು ನಮ್ಮ ಅವ್ವನ ವಯಸ್ಸಿನವಳು. ಕೆಲವರಿಗೆ ಅವ್ವನೇ. ಗೆಳೆಯರ ಮುಂದೆ "ನಮ್ಮವ್ವ ಕಸ ಗುಡಿಸ್ತಾಳೆ" ಅನ್ನೋಕೆ ನಾಲಗೆ ಏಳುವುದಿಲ್ಲವಲ್ಲ, ಆ ನಾಚಿಕೆ ಮನು ನಮ್ಮ ಎದೆಯೊಳಗೆ ಸುರಿದು ಹೋದ ಕಸ. ಮೊದಲು ಅದನ್ನು ಗುಡಿಸಿ.

ಆಮೇಲೆ ಅವರ ಜೊತೆ ನಿಂತು ಪಾಲಿಕೆ, ಜಲಮಂಡಳಿ, ವಿಶ್ವವಿದ್ಯಾಲಯ ಮೂವರನ್ನೂ ಕೇಳೋಣ:

ಮೆಟ್ರೋ ನಿಲ್ದಾಣದಿಂದ ಹಾಸ್ಟೆಲ್‌ವರೆಗೆ ಬೀದಿ ದೀಪ ಉರಿಯಲಿ.
ಆವರಣದೊಳಗೆ ಹೊರಗಿನ ವಾಹನ ಓಡದಿರಲಿ.
ಪೌರಕಾರ್ಮಿಕರಿಗೆ ಗ್ಲೌಸು, ಬೂಟು, ಕುಡಿಯುವ ನೀರು, ಹೆಂಗಸರಿಗೆ ಕಕ್ಕಸು, ಬಟ್ಟೆ ಬದಲಿಸಲು ಕೋಣೆ ಸಿಗಲಿ.
ಮ್ಯಾನ್‌ಹೋಲಿಗೆ ಯಂತ್ರ ಇಳಿಯಲಿ. ಮನುಷ್ಯ ಇಳಿಯುವುದು ಬೇಡ.

ಇದನ್ನು ಕೊಡದೆ ಸ್ವಚ್ಛ ನಗರ ಅಂತ ಬೋರ್ಡು ಬರೆಸುವವರಿಗೆ ನಮ್ಮದೊಂದು ಮಾತು: ಒಂದು ವಾರ ಪೊರಕೆ ನೀವು ಹಿಡೀರಿ. ಆಮೇಲೆ ಮಾತಾಡೋಣ.

ಜೈ ಭೀಮ್.