ಆಕ್ರೋಶದ ಅಳತೆ

ಉಮ್ಮತ್ತೂರಿನಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಬೆಳಗಿನ ಪತ್ರಿಕೆಯನ್ನು ಓದುವುದು ನಿವೃತ್ತಿಯ ಅನಂತರ ನನಗೆ ಅಂಟಿಕೊಂಡ ಅಭ್ಯಾಸ. ಒಂದು ದಿನ ಒಂದೇ ಪುಟದಲ್ಲಿ ಮೂರು ಕಡೆ 'ತೀವ್ರ ಆಕ್ರೋಶ' ಕಣ್ಣಿಗೆ ಬಿದ್ದಿತು. ಬಸ್ಸು ತಡವಾಗಿ ಬಂದುದಕ್ಕೆ ಒಂದು, ಬೀದಿದೀಪ ಉರಿಯದುದಕ್ಕೆ ಒಂದು, ಕ್ರಿಕೆಟ್ ತಂಡ ಸೋತುದಕ್ಕೆ ಇನ್ನೊಂದು!

ಇಂಗ್ಲಿಷಿನ ಬರಹಗಾರರಿಗೂ ಇಂಥ ಸಿದ್ಧ ಜೋಡಿಪದಗಳುಂಟು: 'ಪಬ್ಲಿಕ್ ಔಟ್‌ರೇಜ್', 'ಪಬ್ಲಿಕ್ ಔಟ್‌ಕ್ರೈ'. ನಮ್ಮ 'ಜನಾಕ್ರೋಶ' ಎರಡಕ್ಕೂ ದುಡಿಯುತ್ತಿದೆ. 'ಔಟ್‌ರೇಜ್' ಎಂಬುದನ್ನು 'ಹೊರಬಿದ್ದ ರೋಷ' ಎಂದು ಬಿಡಿಸುವವರಿದ್ದಾರೆ, ಅದು ತಪ್ಪು. ಫ್ರೆಂಚಿನ ಮೂಲಕ ಬಂದ ಆ ಪದದ ಬೇರು ಲ್ಯಾಟಿನ್ನಿನ 'ಅಲ್ಟ್ರಾ', ಎಂದರೆ ಆಚೆ. ಮೇರೆ ಮೀರಿದ ಕೃತ್ಯಕ್ಕೆ ಮೊದಲು ಆ ಹೆಸರಿತ್ತು; ಆ ಕೃತ್ಯ ಕೆರಳಿಸುವ ಕೋಪಕ್ಕೆ ಆಮೇಲೆ ಸಂದಿತು. 'ಔಟ್‌ಕ್ರೈ' ಮಾತ್ರ ಕೂಗಿನಿಂದಲೇ ಹುಟ್ಟಿದ್ದು. ನಮ್ಮ 'ಆಕ್ರೋಶ'ವೂ ಹಾಗೆಯೇ. ಸಂಸ್ಕೃತದಲ್ಲಿ 'ಕ್ರುಶ್' ಎಂದರೆ ಕೂಗು. ದಾರಿಯ ಅಳತೆಯಾದ 'ಕ್ರೋಶ'ವೂ ಅದೇ ಧಾತುವಿನದು. ಕೂಗು ಕೇಳಿಸುವಷ್ಟು ದೂರ. ಕನ್ನಡದ 'ಕೂಗಳತೆ'ಯನ್ನು ನೆನೆಯಿರಿ.

ಹಾಗಾದರೆ ಆಕ್ರೋಶವೆಂಬುದು ದೂರದಲ್ಲಿರುವವರು ಕೇಳಲೆಂದು ಎತ್ತಿದ ದನಿ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ರೋಗಿಗಳು ಮೃತಪಟ್ಟರು. ನಮ್ಮ ಜಿಲ್ಲೆಯ ಊರೂರಿನಲ್ಲಿ ಎದ್ದ ದನಿಯೇ ದನಿ. ಅದು ಹೈಕೋರ್ಟಿನವರೆಗೆ ಮುಟ್ಟಿತು. ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲಗೌಡರ ಸಮಿತಿ ಬಂದು ವಿಚಾರಿಸಿತು. ಅಂದು ಬರೆಯಹೊರಟವರ ಕೈಯಲ್ಲಿ ಉಳಿದಿದ್ದುದಾದರೂ ಯಾವ ಪದ? ಬಸ್ಸು ತಡವಾದ ದಿನ ಖರ್ಚು ಮಾಡಿದ ಅದೇ 'ಆಕ್ರೋಶ'! ಮನೆಯವರನ್ನು ಕಳೆದುಕೊಂಡವರ ಮುಂದೆ ಆ ಸವೆದ ನಾಣ್ಯವನ್ನೇ ಇಡಬೇಕಾಯಿತು. ಇದು ನನಗೆ ಭಾಷೆಯ ದಾರಿದ್ರ್ಯವಾಗಿ ಕಾಣುವುದಿಲ್ಲ; ದುಂದುಗಾರಿಕೆಯಾಗಿ ಕಾಣುತ್ತದೆ.

ಕನ್ನಡಕ್ಕೆ ಕೋಪದ ಮಾತುಗಳ ಬಡತನವೆಲ್ಲಿದೆ? ಬಸ್ಸು ತಡವಾದರೆ ಸಿಡುಕು ಸಾಕು. ದೀಪ ಉರಿಯದಿದ್ದರೆ ಅಸಮಾಧಾನ. ತಂಡ ಸೋತರೆ ಎರಡು ದಿನದ ಮುನಿಸು. ಸಿಟ್ಟು, ರೋಷ, ಕೆಂಡಕಾರುವುದು, ರೊಚ್ಚಿಗೇಳುವುದು ಇವೆಲ್ಲ ಮೇಲಿನ ಮೆಟ್ಟಿಲುಗಳು. 'ಹೊಟ್ಟೆ ಉರಿಯುತ್ತದೆ' ಎಂಬ ಮಾತನ್ನು ಅಸೂಯೆಗೆ ಮಾತ್ರ ಮೀಸಲಿಡುವವರು ಹಳ್ಳಿಯ ತಾಯಂದಿರ ಬಾಯಲ್ಲಿ ಅದನ್ನು ಕೇಳಬೇಕು. ಅಲ್ಲಿ ದುಃಖವೂ ಕೋಪವೂ ಒಂದೇ ಒಲೆಯ ಬೆಂಕಿ.

ನನ್ನ ಬಾಲ್ಯದಲ್ಲಿ ನೆರೆಮನೆಯ ಮುದುಕಿಯೊಬ್ಬಳು ಬೀದಿಯ ನಡುವೆ ನಿಂತು, ಹಿಡಿಮಣ್ಣು ತೂರಿ ಶಾಪ ಹಾಕಿದುದನ್ನು ಕಂಡಿದ್ದೇನೆ. ಕಾರಣ ನನಗೆ ತಿಳಿಯಲಿಲ್ಲ. ಆದರೆ ದಿನವೂ ಗೊಣಗುತ್ತಿದ್ದ ಆಕೆ ಮಣ್ಣು ತೂರಿದ್ದು ಆ ಒಂದು ದಿನ ಮಾತ್ರ. ಇಡೀ ಬೀದಿ ಬಾಗಿಲು ತೆರೆದು ಹೊರಬಂದಿತ್ತು.