ಬೈಕ್ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದರೆ ದಂಡ ಬೀಳುತ್ತದೆಯೇ? ಕಾನೂನು ಗೆರೆ ಎಳೆದಿರುವುದು ಎಲ್ಲಿ?

ನವದೆಹಲಿ: ಬೆಂಗಳೂರಿಗರಿಗೆ ಜೆ.ಸಿ. ರಸ್ತೆ ಹೇಗೋ, ದೆಹಲಿ-ಎನ್‌ಸಿಆರ್‌ನ ಬೈಕ್ ಪ್ರಿಯರಿಗೆ ಕರೋಲ್ ಬಾಗ್ ಹಾಗೆ. ಅಲ್ಲಿನ ನೈವಾಲಾ ಗಲ್ಲಿ ಮತ್ತು ಸುತ್ತಲಿನ ಬೀದಿಗಳಲ್ಲಿ ಬೈಕಿನ ಸಣ್ಣ ಬೋಲ್ಟ್‌ನಿಂದ ಹಿಡಿದು ಪೂರ್ತಿ ಬದಲಾದ ಬುಲೆಟ್‌ವರೆಗೆ ಎಲ್ಲವೂ ಸಿಗುತ್ತದೆ. ಲಡಾಖ್ ಸವಾರಿಯ ಹಂಗಾಮು ಬಂತೆಂದರೆ ಇಲ್ಲಿ ಹೆಚ್ಚು ಬೇಡಿಕೆ ಇರುವ ಕೆಲಸಗಳಲ್ಲಿ ಸೀಟಿನದೂ ಒಂದು. ಬೆಂಗಳೂರಿನಿಂದ ರೈಲಿನಲ್ಲಿ ಬೈಕ್ ಕಳುಹಿಸಿ, ದೆಹಲಿಯಿಂದ ಸವಾರಿ ಶುರು ಮಾಡುವ ಕನ್ನಡಿಗರಿಗೂ ಈ ಬೀದಿ ಹೊಸದಲ್ಲ.

ಕಂಪನಿ ಸೀಟಿನಲ್ಲಿ ದಿನಕ್ಕೆ ಎಂಟು ಗಂಟೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ಹಾಗಾಗಿ ಫೋಮ್ ಬದಲಿಸಿ, ಹೊಸ ರೆಕ್ಸಿನ್ ಹೊಲಿಸುವವರು ಬಹಳ. ಆದರೆ 'ಮಾಡಿಫಿಕೇಶನ್' ಎಂಬ ಪದ ಕಿವಿಗೆ ಬಿದ್ದರೆ ಸಾಕು, ಟ್ರಾಫಿಕ್ ಪೊಲೀಸರ ಭಯವೂ ಜೊತೆಗೇ ಬರುತ್ತದೆ. ಹಾಗಾದರೆ ಸೀಟಿನ ಕೆಲಸದಲ್ಲಿ ಯಾವುದು ಸರಿ, ಯಾವುದು ತಪ್ಪು?

ಕಾಯ್ದೆ ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇಲ್ಲಿ ಮುಖ್ಯ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದಂತಾಗುವ ಹಾಗೆ ಮಾಲೀಕರು ವಾಹನವನ್ನು ಬದಲಿಸಬಾರದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿ ಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ಹೊಸದಾಗಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ರೀತಿಯಲ್ಲಿ ವಾಹನ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ವಿಧಿಸಬಹುದು.

ಗಮನಿಸಿ, ಈ ಉಪಕಲಮು ಹೆಸರಿಸುವುದು ಮಾಲೀಕರನ್ನು. ಸೀಟು ಕತ್ತರಿಸಿದ್ದು ಕುಶನ್ ಅಂಗಡಿಯವರಾದರೂ ರಸ್ತೆಯಲ್ಲಿ ಉತ್ತರ ಹೇಳಬೇಕಾದವರು ನೀವೇ.

ಹಾಗಾದರೆ ರೆಕ್ಸಿನ್ ಬದಲಿಸುವುದೂ ಅಪರಾಧವೇ? ಕಾಯ್ದೆಯ ಮಾತನ್ನು ನೇರವಾಗಿ ಓದಿದರೆ ಅಲ್ಲ. ಸೀಟಿನ ಹೊದಿಕೆಯ ಬಣ್ಣವಾಗಲಿ, ಒಳಗಿನ ಫೋಮ್‌ನ ಗುಣವಾಗಲಿ ನೋಂದಣಿ ಪತ್ರದಲ್ಲಿ ಇರುವುದಿಲ್ಲ. ಆದರೆ ಎಷ್ಟು ಜನ ಕೂರಬಹುದು ಎಂಬ ಸಂಖ್ಯೆ ಇರುತ್ತದೆ. ಇಬ್ಬರ ಬೈಕನ್ನು 'ಬಾಬರ್' ಶೈಲಿಯ ಒಂಟಿ ಸೀಟಿಗೆ ಇಳಿಸಿ, ಹಿಂದಿನ ಫ್ರೇಮನ್ನೇ ಕತ್ತರಿಸಿದಾಗ ಕಥೆ ಬೇರೆಯಾಗುತ್ತದೆ. ಅದು ಹೊದಿಕೆಯ ಕೆಲಸವಲ್ಲ, ವಾಹನದ ರಚನೆಗೇ ಕೈ ಹಾಕಿದಂತೆ.

ಹಿಂದೆ ಕೂರುವವರ ಸುರಕ್ಷತೆ

ಇನ್ನೂ ಎರಡು ನಿಯಮಗಳು ನೇರವಾಗಿ ಸೀಟಿಗೆ ಸಂಬಂಧಿಸಿವೆ. ಹಿಂಬದಿ ಸವಾರರು ಚಾಲಕರ ಹಿಂದೆ ಬೈಕಿಗೆ ಭದ್ರವಾಗಿ ಜೋಡಿಸಿದ ಸರಿಯಾದ ಸೀಟಿನ ಮೇಲೆಯೇ ಕೂರಬೇಕು ಎನ್ನುತ್ತದೆ ಕಾಯ್ದೆಯ 128ನೇ ಸೆಕ್ಷನ್. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಇನ್ನಷ್ಟು ಸ್ಪಷ್ಟ: ಹಿಡಿದುಕೊಳ್ಳಲು ಕಾಯಂ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ನಾವೆಲ್ಲ 'ಸೀರೆ ಗಾರ್ಡ್' ಎಂದು ಕರೆಯುವುದು ಇದನ್ನೇ.

ಚೆಂದ ಕಾಣಬೇಕೆಂದು ಸೀಟು ಬದಲಿಸುವಾಗ ಮೊದಲು ಬೈಕಿನಿಂದ ಇಳಿಯುವುದು ಇವೇ ಹಿಡಿಕೆ ಮತ್ತು ಸೀರೆ ಗಾರ್ಡ್. ಹಾಗಾಗಿ ದಂಡಕ್ಕಿಂತ ದೊಡ್ಡ ಪ್ರಶ್ನೆ, ಹಿಂದೆ ಕೂರುವ ಹೆಂಡತಿ, ತಾಯಿ ಅಥವಾ ಗೆಳೆಯರ ಜೀವದ್ದು.

ಒಳ್ಳೆಯ ಕೆಲಸವನ್ನು ಗುರುತಿಸುವುದು ಹೇಗೆ?

ಸೀಟು ಮೂರು ಪದರಗಳ ವಸ್ತು: ಅಡಿಯಲ್ಲಿ ಗಟ್ಟಿ ತಳ, ಅದರ ಮೇಲೆ ಫೋಮ್, ಹೊರಗೆ ರೆಕ್ಸಿನ್ ಅಥವಾ ಚರ್ಮ. ಹಳೆಯ ಬೈಕುಗಳಲ್ಲಿ ಕಬ್ಬಿಣದ ತಳ ಸಾಮಾನ್ಯವಾಗಿತ್ತು. ಈಗಿನ ಹಲವು ಬೈಕುಗಳಲ್ಲಿ ತಳ ಪ್ಲಾಸ್ಟಿಕ್‌ನದ್ದು, ಹೊದಿಕೆಯನ್ನು ಅದರ ಅಂಚಿಗೆ ಸ್ಟೇಪ್ಲರ್ ಪಿನ್‌ಗಳಿಂದ ಹೊಡೆಯುತ್ತಾರೆ. ಕೆಲಸ ಕೆಡುವುದು ಇಲ್ಲೇ. ಪಿನ್ ಉದ್ದವಾದರೆ ತಳವನ್ನು ತೂತು ಮಾಡಿ ಆಚೆ ಬರುತ್ತದೆ. ಗಿಡ್ಡವಾದರೆ ಹಿಡಿಯುವುದೇ ಇಲ್ಲ. ಸಾಮಾನ್ಯ ಕಬ್ಬಿಣದ ಪಿನ್‌ಗಳು ಮಳೆಗೆ ತುಕ್ಕು ಹಿಡಿದು ಸಡಿಲಾಗುತ್ತವೆ.

ಅನುಭವಸ್ಥರು ರೆಕ್ಸಿನನ್ನು ಒಂದು ಬದಿಯಿಂದ ಎಳೆಯುತ್ತಾ ಹೋಗುವುದಿಲ್ಲ. ಮೊದಲು ಮುಂದಿನ ಮಧ್ಯಭಾಗಕ್ಕೆ ಪಿನ್ ಹೊಡೆದು, ಆಮೇಲೆ ಹಿಂದಿನ ಮಧ್ಯಕ್ಕೆ ಎಳೆದು ಕೂರಿಸುತ್ತಾರೆ. ನಂತರ ಎಡ-ಬಲ ಸಮನಾಗಿ ಎಳೆದು, ಮೂಲೆಗಳನ್ನು ಕೊನೆಗೆ ಬಿಸಿಗಾಳಿ ಕೊಟ್ಟು ಸರಿಪಡಿಸುತ್ತಾರೆ. ಹೊಲಿಗೆಯ ತೂತುಗಳಿಂದ ನೀರು ಒಳಗಿಳಿಯುವ ಕಾರಣ ಫೋಮ್ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕುವವರೂ ಇದ್ದಾರೆ. ಒಮ್ಮೆ ನೆನೆದ ಫೋಮ್ ಬೇಗ ಒಣಗದು. ಮಳೆ ನಿಂತು ಎರಡು ದಿನವಾದರೂ ಪ್ಯಾಂಟ್ ಒದ್ದೆಯಾಗುವುದು ಇದರಿಂದಲೇ.

ಫೋಮ್ ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬುದೂ ತಪ್ಪು ತಿಳಿವಳಿಕೆ. ಅಂಗಡಿಯಲ್ಲಿ ಕೂತಾಗ ಹಿತವೆನಿಸುವ ಮೆತ್ತನೆಯ ಫೋಮ್ ದೂರದ ಹಾದಿಯಲ್ಲಿ ಒತ್ತಿಕೊಂಡು, ಭಾರವೆಲ್ಲ ತಳದ ಮೇಲೆ ಬೀಳುತ್ತದೆ. ಫೋಮ್ ಕತ್ತರಿಸಿ ಎತ್ತರ ತಗ್ಗಿಸಿದಾಗಲೂ ಇದೇ ತೊಂದರೆ.

ಕೆಲಸಗಾರರು ಎಲ್ಲಿದ್ದಾರೆ?

ಸಮಸ್ಯೆಗೆ ಇನ್ನೊಂದು ಮುಖವಿದೆ. ಈಗ ಬೈಕ್ ಕಂಪನಿಗಳೇ ಟೂರಿಂಗ್ ಸೀಟುಗಳನ್ನು ತಮ್ಮ ಅಧಿಕೃತ ಬಿಡಿಭಾಗವಾಗಿ ಮಾರುತ್ತಿವೆ. ರಾಯಲ್ ಎನ್‌ಫೀಲ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಕಂಪನಿ ಸೀಟಿಗೆ ಬಿಲ್ ಇರುತ್ತದೆ, ಕಾನೂನಿನ ಅಂಜಿಕೆ ಕಡಿಮೆ. ಗಲ್ಲಿಯ ಕುಶನ್ ಕೆಲಸಗಾರರ ಕೈಯಲ್ಲಿ ಇರುವುದು ಕಸುಬು ಮಾತ್ರ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿವರೆಗೆ ಸಾಲ ಅದರ ಸೌಲಭ್ಯಗಳು. ದರ್ಜಿ, ಚಮ್ಮಾರ, ಬಡಗಿ ಪಟ್ಟಿಯಲ್ಲಿದ್ದಾರೆ. ಕುಶನ್ ಕೆಲಸ ಎಂಬ ಹೆಸರಿನ ಕಸುಬು ಅದರಲ್ಲಿ ಇಲ್ಲ. ಹೊಲಿಗೆ, ಚರ್ಮ, ಮರ ಮೂರನ್ನೂ ಬಲ್ಲ ಕೈಗಳಿಗೆ ತಮ್ಮದೇ ಹೆಸರಿನ ಜಾಗವಿಲ್ಲ.

ಆಗಬೇಕಾದ್ದೇನು?

ಕರ್ಕಶ ಶಬ್ದದ ಸೈಲೆನ್ಸರ್‌ಗಳ ವಿರುದ್ಧ ದೆಹಲಿ, ಬೆಂಗಳೂರು ಎರಡೂ ಕಡೆ ಪೊಲೀಸರು ಕಾರ್ಯಾಚರಣೆ ನಡೆಸುತ್ತಾರೆ. ಅದು ಬೇಕಾದದ್ದೇ. ಆದರೆ ಸೈಲೆನ್ಸರ್ ಬದಲಿಸಿದವರನ್ನೂ ಸೀಟಿಗೆ ರೆಕ್ಸಿನ್ ಹೊಲಿಸಿದವರನ್ನೂ 'ಮಾಡಿಫೈ' ಎಂಬ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಯಾವ ಬದಲಾವಣೆಗೆ ಅನುಮತಿ ಬೇಕಿಲ್ಲ, ಯಾವುದಕ್ಕೆ ಬೇಕು, ಯಾವುದು ಆಗಲೇ ಆಗದು ಎಂಬ ಸರಳ ಪಟ್ಟಿಯನ್ನು ಸಾರಿಗೆ ಇಲಾಖೆಗಳು ಆಯಾ ರಾಜ್ಯದ ಭಾಷೆಯಲ್ಲೇ ಪ್ರಕಟಿಸಿ, ಆರ್‌ಟಿಒ ಕಚೇರಿಗಳಲ್ಲಿ ತೂಗುಹಾಕಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಸವಾರರಿಗೂ ನೆಮ್ಮದಿ, ತಪಾಸಣೆ ಮಾಡುವ ಸಿಬ್ಬಂದಿಗೂ ಅನುಕೂಲ.

ಅಲ್ಲಿಯವರೆಗೆ ಸವಾರರು ನೆನಪಿಡಬೇಕಾದ್ದು ಇಷ್ಟು: ಫೋಮ್ ಮತ್ತು ಹೊದಿಕೆ ಬದಲಿಸಿ, ತಳ ಮತ್ತು ಫ್ರೇಮ್ ಮುಟ್ಟಬೇಡಿ. ಹಿಡಿಕೆ, ಫುಟ್‌ರೆಸ್ಟ್, ಸೀರೆ ಗಾರ್ಡ್ ತೆಗೆಸಬೇಡಿ. ಸಾಧ್ಯವಾದರೆ ಮೂಲ ಸೀಟನ್ನು ಹಾಗೇ ಇಟ್ಟುಕೊಂಡು, ಇನ್ನೊಂದು ಸೀಟಿನ ಮೇಲೆ ಕೆಲಸ ಮಾಡಿಸಿ. ಕೆಲಸ ಮುಗಿದ ಮೇಲೆ ಸೀಟನ್ನು ತಿರುಗಿಸಿ ತಳ ನೋಡಿ, ಬೈಕಿಗೆ ಕೂರಿಸಿ ಲಾಕ್ ಸರಿಯಾಗಿ ಬೀಳುತ್ತದೆಯೇ ಎಂದು ಎಳೆದು ಪರೀಕ್ಷಿಸಿ. ಬಿಲ್ ಕೇಳಿ ಪಡೆಯಿರಿ.